ಗೊತ್ತಿದ್ದವರ ಮೌನ

ಗುಜರಿಗೆ ಹೋಗಿ ಅಭ್ಯಾಸವಿರುವವರಿಗೆಲ್ಲ ಒಂದು ಪಾಠ ಗೊತ್ತಿದೆ. ಮನಸ್ಸಿಗೆ ಹಿಡಿಸಿದ ವಸ್ತುವನ್ನು ಮೊದಲು ಕೈಗೆತ್ತಿಕೊಳ್ಳಬಾರದು. ಪಕ್ಕದಲ್ಲಿರುವ ಬೇಡದ ವಸ್ತುವಿನ ಬೆಲೆ ಕೇಳಬೇಕು, ಮುಖ ಸಿಂಡರಿಸಬೇಕು, ಹೊರಟು ನಿಂತಂತೆ ಮಾಡಬೇಕು. ಕೊನೆಗೆ 'ಹೋಗಲಿ, ಇದಕ್ಕೆಷ್ಟು?' ಎಂದು ನಿಜವಾಗಿ ಬೇಕಾದದ್ದರ ಕಡೆ ಬೆರಳು ತೋರಿಸಬೇಕು. ಇದನ್ನು ನಾವು ಯಾರೂ ಸುಳ್ಳೆಂದು ಕರೆಯುವುದಿಲ್ಲ. ನೂರರ ಮಾಲನ್ನು ಹತ್ತಕ್ಕೆ ತಂದೆವೆಂದು ಮನೆಯಲ್ಲಿ ಹೇಳಿಕೊಳ್ಳುತ್ತೇವೆ, ಕೇಳಿದವರು ಭೇಷ್ ಎನ್ನುತ್ತಾರೆ. ಆದರೆ ಅದೇ ಗುಜರಿಯವನು ಕೆಟ್ಟ ಗಡಿಯಾರವನ್ನು ಸರಿಯಿದೆ ಎಂದು ನಮ್ಮ ಕೈಗಿತ್ತರೆ ಅವನು ಮೋಸಗಾರ. ಮಾರುವವನು ಕೊರತೆಯನ್ನು ಮುಚ್ಚಿಟ್ಟರೆ ಮೋಸ, ಕೊಳ್ಳುವವನು ಬೆಲೆಯನ್ನು ಮುಚ್ಚಿಟ್ಟರೆ ಜಾಣತನ. ಇದು ಎಲ್ಲಿಯ ನ್ಯಾಯ?

ಈ ಪ್ರಶ್ನೆಯನ್ನು ನಮ್ಮ ಊರಿನ ಸಂತೆಯಲ್ಲೇ ನಿಂತು ಕೇಳಬಹುದು. ಆದರೆ ಇದು ಬಹಳ ತೀಕ್ಷ್ಣವಾಗಿ ಎದುರಾಗುವ ಇನ್ನೊಂದು ಜಾಗವಿದೆ. ಅದು ಅಮೆರಿಕದ ಹ್ಯಾಮ್ ರೇಡಿಯೊ ಹವ್ಯಾಸಿಗಳು ಹಳೆಯ ಸಲಕರಣೆಗಳನ್ನು ಮಾರುವ, ಕೊಳ್ಳುವ, ಅದಲುಬದಲು ಮಾಡಿಕೊಳ್ಳುವ ಸಂತೆ. ಮಾಮೂಲಿ ವ್ಯಾಪಾರದಲ್ಲಿ ಮಾಲಿನ ಬಗ್ಗೆ ಕೊಳ್ಳುವವನಿಗಿಂತ ಮಾರುವವನಿಗೆ ಹೆಚ್ಚು ಗೊತ್ತಿರುತ್ತದೆ. ಈ ಸಂತೆಯಲ್ಲಿ ಎಷ್ಟೋ ಸಲ ಅದು ತಲೆಕೆಳಗಾಗಿರುತ್ತದೆ. ಅದಕ್ಕೆ ಕಾರಣ ಸಾವು.

ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ತನ್ನದೇ ಆದ ಕರೆಸಂಕೇತ ಇಟ್ಟುಕೊಂಡು, ಮನೆಯ ಮೂಲೆಯಿಂದಲೇ ರೇಡಿಯೊ ಅಲೆಗಳ ಮೂಲಕ ದೂರದ ಅಪರಿಚಿತರೊಡನೆ ಸಂಪರ್ಕ ಬೆಳೆಸುವ ಹವ್ಯಾಸಿ. ಬಾಯಿಮಾತಿನಲ್ಲೂ ಆಗಬಹುದು, ಮೋರ್ಸ್ ಸಂಕೇತದಲ್ಲೂ ಆಗಬಹುದು. ಸಂದೇಶಕ್ಕೆ ದುಡ್ಡು ಪಡೆಯುವಂತಿಲ್ಲ, ಅರ್ಥವನ್ನು ಮರೆಮಾಚುವ ಗುಪ್ತಭಾಷೆ ಬಳಸುವಂತಿಲ್ಲ. ನಮ್ಮ ದೇಶದಲ್ಲೂ ಈ ಹವ್ಯಾಸಿಗಳಿದ್ದಾರೆ, ಬೆಂಗಳೂರಿನಲ್ಲಿ ಅವರ ಹಳೆಯ ಕ್ಲಬ್ಬೂ ಇದೆ. ಆದರೆ ಹಳೆಯ ಸಲಕರಣೆಗಳ ದೊಡ್ಡ ಸಂತೆಗಳು ಅಮೆರಿಕದವೇ. ಓಹಾಯೊ ರಾಜ್ಯದ ಡೇಟನ್ ನಗರದಲ್ಲಿ 1952ರಲ್ಲಿ ಒಂದು ಹೋಟೆಲಿನೊಳಗೆ ಶುರುವಾದ 'ಹ್ಯಾಮ್‌ವೆನ್ಷನ್' ಇವುಗಳಲ್ಲಿ ಹೆಸರಾದದ್ದು. 1964ರಿಂದ 2016ರವರೆಗೆ ಅದು ಹಾರಾ ಅರೀನಾ ಎಂಬಲ್ಲಿ ನಡೆಯಿತು. ಆ ಕಟ್ಟಡ ಮುಚ್ಚಿದ ಮೇಲೆ 2017ರಿಂದ ಹತ್ತಿರದ ಝೀನಿಯಾ ಊರಿನ ಜಾತ್ರೆ ಮೈದಾನಕ್ಕೆ ಬಂದಿದೆ. ಕೋವಿಡ್ ಕಾಲದ 2020 ಮತ್ತು 2021ನ್ನು ಬಿಟ್ಟರೆ ಮೇ ತಿಂಗಳಲ್ಲಿ ಮೂರು ದಿನ ಜನ ಸೇರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಬಂದವರ ಸಂಖ್ಯೆ 30 ಸಾವಿರವನ್ನು ದಾಟಿದೆ. ಒಳಗಿನ ಮಳಿಗೆಗಳಲ್ಲಿ ಹೊಸ ಯಂತ್ರಗಳು, ಹೊರಗಿನ ಹುಲ್ಲುಹಾಸಿನಲ್ಲಿ ಹಳೆಯವು. ಮ್ಯಾಸಚೂಸೆಟ್ಸ್‌ನ ಪ್ರಸಿದ್ಧ ತಂತ್ರಜ್ಞಾನ ಸಂಸ್ಥೆ ಎಂಐಟಿಯ ಬಳಿ ಏಪ್ರಿಲಿನಿಂದ ಅಕ್ಟೋಬರಿನವರೆಗೆ ತಿಂಗಳ ಮೂರನೆಯ ಭಾನುವಾರ ಸೇರುವ ಸಂತೆ ಚಿಕ್ಕದು, ಆದರೆ ಅದಕ್ಕೂ ಅದರದೇ ಭಕ್ತರಿದ್ದಾರೆ. ಇಂಥ ಕಡೆಗಳಲ್ಲಿ ಕಾರಿನ ಡಿಕ್ಕಿ ತೆರೆದರೆ ಅದೇ ಅಂಗಡಿ. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಓಡಾಡುವವರೇ ನಿಜವಾದ ಬೇಟೆಗಾರರು.

ಅವರು ಹುಡುಕುವುದೇನನ್ನು? ಅಯೋವಾ ರಾಜ್ಯದ ಸೀಡರ್ ರ್ಯಾಪಿಡ್ಸ್‌ನಲ್ಲಿ ಆರ್ಥರ್ ಕಾಲಿನ್ಸ್ ಕಟ್ಟಿದ ಕಂಪೆನಿಯ ರಿಸೀವರುಗಳನ್ನು. ಷಿಕಾಗೊದ ಹ್ಯಾಲಿಕ್ರಾಫ್ಟರ್ಸ್, ಮ್ಯಾಸಚೂಸೆಟ್ಸ್‌ನ ನ್ಯಾಷನಲ್ ಕಂಪೆನಿಗಳ ವಾಲ್ವ್ ಸೆಟ್ಟುಗಳನ್ನು. ಮಿಷಿಗನ್‌ನ ಹೀತ್‌ಕಿಟ್ ಬಿಡಿಭಾಗಗಳಾಗಿ ಕಳಿಸಿ, ಕೊಂಡವರೇ ಮನೆಯಲ್ಲಿ ಬೆಸುಗೆ ಹಾಕಿ ಕಟ್ಟಿಕೊಂಡ ಟ್ರಾನ್ಸ್‌ಮಿಟರುಗಳನ್ನು. ಹೀತ್‌ಕಿಟ್‌ನ ಡಿಎಕ್ಸ್-100 ಸುಮಾರು 45 ಕಿಲೊ ತೂಗುತ್ತದೆ. ಇಂಥ ಭಾರದ ಪೆಟ್ಟಿಗೆಗಳನ್ನು ಅವರೇ ತಮಾಷೆಯಾಗಿ ದೋಣಿಯ ಲಂಗರು ಎನ್ನುತ್ತಾರೆ. ಕಾಲಿನ್ಸ್ 75ಎ-4 ಎಂಬ ರಿಸೀವರ್ 1955ರಲ್ಲಿ ಬಂದಾಗ ಅದರ ಬೆಲೆ ಸುಮಾರು 500 ಡಾಲರ್. ಆಗ ಶಾಲೆಗೆ ಹೋಗುತ್ತಿದ್ದ ಹುಡುಗ ಅದನ್ನು ಜಾಹೀರಾತಿನಲ್ಲಿ ನೋಡಬಹುದಿತ್ತು, ಅಷ್ಟೆ. ಮುಪ್ಪಿನಲ್ಲಿ ಅವನು ಅದನ್ನು ಹುಡುಕಿಕೊಂಡು ಹುಲ್ಲುಹಾಸಿಗೆ ಬರುತ್ತಾನೆ. ಈ ಆಸೆಯನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ಚಿಕ್ಕಂದಿನಲ್ಲಿ ಕೈಗೆಟುಕದೆ ಹೋದದ್ದಕ್ಕೆ ಮನುಷ್ಯ ಬಹಳ ದಿನ ಕಾಯುತ್ತಾನೆ.

ಬೇಟೆಗಾರನ ಬಂಡವಾಳ ಅವನ ತಿಳಿವಳಿಕೆ. ಪೆಟ್ಟಿಗೆಯನ್ನು ಮಗುಚಿ ಒಳಗಿನ ಬೆಸುಗೆ ನೋಡಿದರೆ ಕಟ್ಟಿದವನ ಕೈ ಎಂಥದ್ದೆಂದು ಅವನಿಗೆ ಗೊತ್ತಾಗುತ್ತದೆ. ಹಳೆಯ ಕಾಗದದ ಕಂಡೆನ್ಸರುಗಳು ಸೋರುತ್ತವೆ, ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಒಣಗಿರುತ್ತವೆ ಎಂದು ಬಲ್ಲ. ದಶಕಗಳ ಕಾಲ ಸುಮ್ಮನಿದ್ದ ಸೆಟ್ಟನ್ನು ನೇರವಾಗಿ ಕರೆಂಟಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದೆಂದೂ ಬಲ್ಲ. ನ್ಯಾಷನಲ್ ಕಂಪೆನಿಯ ಎಚ್‌ಆರ್‌ಒ ರಿಸೀವರನ್ನೇ ನೋಡಿ. 1935ರಲ್ಲಿ ಬಂದ ಇದನ್ನು ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಸಂದೇಶ ಕದ್ದಾಲಿಸಲು ಬ್ರಿಟಿಷರು ವ್ಯಾಪಕವಾಗಿ ಬಳಸಿದರು. ಇದರಲ್ಲಿ ತರಂಗಪಟ್ಟಿ ಬದಲಿಸಲು ಮುಂಭಾಗದಿಂದ ಒಂದು ಸುರುಳಿಪೆಟ್ಟಿಗೆಯನ್ನು ಎಳೆದು ತೆಗೆದು ಇನ್ನೊಂದನ್ನು ತೂರಿಸಬೇಕು. ಸುರುಳಿ ಇಲ್ಲದ ಎಚ್‌ಆರ್‌ಒ ಕಿವುಡು. ತಿಳಿಯದವರು ಮನೆ ಖಾಲಿ ಮಾಡುವಾಗ ರಿಸೀವರನ್ನು ಒಂದು ಕಡೆ, ಸುರುಳಿಗಳನ್ನು ಚಿಲ್ಲರೆ ಸಾಮಾನಿನ ಡಬ್ಬದಲ್ಲಿ ಹಾಕಿರಬಹುದು. ಮೇಜಿನ ಮೇಲಿನದೂ ಮೇಜಿನ ಕೆಳಗಿನದೂ ಒಂದೇ ದೇಹದ ಭಾಗಗಳು ಎಂದು ಗೊತ್ತಿರುವುದು ಕೊಳ್ಳಲು ಬಂದವನಿಗೆ ಮಾತ್ರ. ಅವನು ಬಾಯಿ ಬಿಡಬೇಕೇ, ಬೇಡವೇ?

ಮೇಜಿನ ಹಿಂದೆ ಕುಳಿತವರು ಯಾರು ಎಂಬುದನ್ನೂ ನೋಡಬೇಕು. ಹ್ಯಾಮ್‌ಗಳು ತಮ್ಮಲ್ಲಿ ತೀರಿಕೊಂಡವರನ್ನು 'ಸೈಲೆಂಟ್ ಕೀ' ಎಂದು ಕರೆಯುತ್ತಾರೆ. ಕೀ ಎಂದರೆ ಮೋರ್ಸ್ ಸಂಕೇತ ಕಳಿಸುವ ಉಪಕರಣ. ಅದು ಮೌನವಾಯಿತು ಎಂದರೆ ಮನುಷ್ಯ ಹೋದ ಎಂದರ್ಥ. ಅಮೆರಿಕದ ಹವ್ಯಾಸಿಗಳ ಸಂಘ 1914ರಲ್ಲಿ ಹುಟ್ಟಿದ್ದು. ಅದರ ಮಾಸಪತ್ರಿಕೆ 'ಕ್ಯೂಎಸ್‌ಟಿ' ಹೀಗೆ ಹೋದವರ ಪಟ್ಟಿಯನ್ನು ಈ ಹೆಸರಿನಲ್ಲೇ ಅಚ್ಚು ಮಾಡುತ್ತದೆ. ನಮ್ಮ 'ಗುಜರಿ' ಪದದಲ್ಲೂ ಇಂಥದೇ ಒಂದು ನೆರಳಿದೆ. ಉರ್ದುವಿನಲ್ಲಿ 'ಗುಜರಿ' ಎಂದರೆ ದಾರಿಬದಿಯಲ್ಲಿ ಕೂಡುವ ಸಂಜೆ ಸಂತೆ, 'ಗುಜರ್‌ನಾ' ಎಂದರೆ ಹಾದುಹೋಗುವುದು, 'ಗುಜರ್ ಗಯೇ' ಎಂದರೆ ತೀರಿಕೊಂಡರು. ಹಾದುಹೋದವರ ಸಾಮಾನು ಹಾದಿಬದಿಗೆ ಬರುತ್ತದೆ. ಅದನ್ನು ಮಾರಲು ಕೂರುವವರು ಹೆಂಡತಿ, ಮಗಳು, ಇಲ್ಲವೇ ದೂರದ ಊರಿನಿಂದ ಎರಡು ದಿನದ ರಜೆ ಹಾಕಿ ಬಂದ ಮಗ. ಮನೆ ಬಿಟ್ಟುಕೊಡಬೇಕು, ಗ್ಯಾರೇಜು ಖಾಲಿಯಾಗಬೇಕು. ಈ ಪೆಟ್ಟಿಗೆಗಳಲ್ಲಿ ಯಾವುದು ಏನೆಂದು ಅವರಿಗೆ ತಿಳಿಯದು.

ಹ್ಯಾಮ್‌ಗಳಲ್ಲಿ ಒಂದು ಹಳೆಯ ನಗೆಮಾತಿದೆ. ನಾನು ಸತ್ತ ಮೇಲೆ ನನ್ನ ಹೆಂಡತಿ ಈ ಸಲಕರಣೆಗಳನ್ನು ನಾನು ಅವಳಿಗೆ ಹೇಳಿದ ಬೆಲೆಗೇ ಮಾರಿಬಿಟ್ಟಾಳು ಎಂಬುದೇ ನನ್ನ ಭಯ ಎನ್ನುತ್ತಾರೆ. ನಗು ಬರುತ್ತದೆ. ಆದರೆ ಅದರೊಳಗೆ ಒಂದು ಸಂಸಾರದ ಕಥೆಯಿದೆ. ಮನೆಯ ಖರ್ಚಿಗೆ ಕತ್ತರಿ ಹಾಕಿ ಕೊಂಡದ್ದನ್ನು ಗಂಡ ಕಡಿಮೆ ಬೆಲೆ ಹೇಳಿ ಒಳಗೆ ತಂದಿದ್ದಾನೆ, ಹೆಂಡತಿ ನಂಬಿದ್ದಾಳೆ. ಅವನು ಹೋದ ಮೇಲೆ ಅದೇ ಸುಳ್ಳು ಅವಳ ಬಾಯಿಂದ ಸಂತೆಯಲ್ಲಿ ಬೆಲೆಯಾಗಿ ಹೊರಬರುತ್ತದೆ. ಸತ್ತವನ ಸುಳ್ಳಿನ ಲಾಭ ಸಿಗುವುದು ಟಾರ್ಚ್ ಹಿಡಿದು ಬಂದ ಅಪರಿಚಿತನಿಗೆ.

ಈಗ ನ್ಯಾಯದ ಮಾತಿಗೆ ಬರೋಣ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ 1817ರಲ್ಲಿ ಒಂದು ಮೊಕದ್ದಮೆ ಬಂದಿತ್ತು. ಬ್ರಿಟನ್ನಿನ ಜೊತೆಗಿನ ಯುದ್ಧದ ದಿಗ್ಬಂಧನದಿಂದ ನ್ಯೂ ಆರ್ಲಿಯನ್ಸ್‌ನಲ್ಲಿ ತಂಬಾಕಿನ ಬೆಲೆ ಕುಸಿದಿತ್ತು. 1815ರ ಫೆಬ್ರವರಿಯ ಒಂದು ಮುಂಜಾನೆ, ಶಾಂತಿ ಒಪ್ಪಂದದ ಸುದ್ದಿ ಊರಿಗೆಲ್ಲ ಹಬ್ಬುವ ಮೊದಲೇ, ಆರ್ಗನ್ ಎಂಬ ವರ್ತಕ ಲೇಡ್‌ಲಾ ಕಂಪೆನಿಯಿಂದ 111 ದೊಡ್ಡ ಪೀಪಾಯಿ ತಂಬಾಕು ಕೊಂಡ. ಬೆಲೆ ಏರಿಸುವಂಥ ಸುದ್ದಿ ಏನಾದರೂ ಇದೆಯೇ ಎಂದು ಮಾರುವವನ ಕಡೆಯವರು ಕೇಳಿದರು. ಆರ್ಗನ್‌ಗೆ ಸುದ್ದಿ ಗೊತ್ತಿತ್ತು, ಆದರೂ ಹೇಳಲಿಲ್ಲ. ಸುದ್ದಿ ಹಬ್ಬಿದ ಮೇಲೆ ಬೆಲೆ ಶೇಕಡಾ 30ರಿಂದ 50ರಷ್ಟು ಏರಿತು. ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಅವರ ಅಭಿಪ್ರಾಯ ಸ್ಪಷ್ಟವಾಗಿತ್ತು. ತನಗೆ ಮಾತ್ರ ತಿಳಿದಿರುವುದನ್ನು ಹೇಳಲೇಬೇಕೆಂಬ ಕಟ್ಟುಪಾಡು ಕೊಳ್ಳುವವನಿಗಿಲ್ಲ, ಆದರೆ ದಾರಿ ತಪ್ಪಿಸುವ ಮಾತನ್ನಾಗಲಿ ಕೆಲಸವನ್ನಾಗಲಿ ಮಾಡಬಾರದು. ಕಾನೂನು ಅಷ್ಟಕ್ಕೇ ನಿಲ್ಲುತ್ತದೆ.

ಧರ್ಮ ಅಷ್ಟಕ್ಕೇ ನಿಲ್ಲಬೇಕೇ? ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಚರ್ಚೆ ಆಗಲೇ ಇದೆ. ಬರಗಾಲದ ರೋಡ್ಸ್ ದ್ವೀಪಕ್ಕೆ ಒಬ್ಬ ವರ್ತಕ ಧಾನ್ಯ ತರುತ್ತಾನೆ. ಹಿಂದೆ ಇನ್ನಷ್ಟು ಧಾನ್ಯದ ಹಡಗುಗಳು ಬರುತ್ತಿವೆ ಎಂದು ಅವನಿಗೆ ಗೊತ್ತಿದೆ. ಅದನ್ನು ಹೇಳಬೇಕೇ ಎಂದು ಇಬ್ಬರು ತತ್ವಜ್ಞಾನಿಗಳು ವಾದಿಸುತ್ತಾರೆ. ಹೇಳಬೇಕು ಎಂಬ ಕಡೆಗೇ ಸಿಸೆರೊ ವಾಲುತ್ತಾನೆ. ಇದು ಮಾರುವವನ ಕಥೆ. ಅದೇ ಪುಸ್ತಕದಲ್ಲಿ ಕೊಳ್ಳುವವನ ಕಥೆಯೂ ಒಂದಿದೆ. ಸ್ಕೀವೊಲಾ ಎಂಬಾತ ಒಂದು ಜಮೀನು ಕೊಳ್ಳಲು ಹೋಗಿ ಒಂದೇ ಮಾತಿನ ಬೆಲೆ ಹೇಳು ಎಂದ. ಮಾರುವವನು ಹೇಳಿದ. ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಸ್ಕೀವೊಲಾ ತಾನಾಗಿಯೇ ಒಂದು ಲಕ್ಷ ನಾಣ್ಯ ಸೇರಿಸಿ ಕೊಟ್ಟ. ಇಂಥದೇ ಇನ್ನೊಂದು ಪ್ರಸಂಗವನ್ನು ಪ್ರವಾದಿಯವರ ಸಂಗಾತಿ ಜರೀರ್ ಬಿನ್ ಅಬ್ದುಲ್ಲಾರ ಬಗ್ಗೆ ಹೇಳಲಾಗುತ್ತದೆ. 300 ದಿರ್ಹಮಿಗೆ ಕುದುರೆ ಕೊಡಲು ಒಪ್ಪಿದ್ದವನಿಗೆ ಅವರೇ ನಿನ್ನ ಕುದುರೆ ಇನ್ನೂ ಹೆಚ್ಚು ಬಾಳುತ್ತದೆ ಎನ್ನುತ್ತ ಎನ್ನುತ್ತ 800ಕ್ಕೆ ಏರಿಸಿ ಕೊಂಡರಂತೆ. ಒಬ್ಬ ರೋಮಿನವ, ಒಬ್ಬ ಅರಬ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರುವ ಸಾಧ್ಯತೆ ಕಡಿಮೆ. ಆದರೂ ಇಬ್ಬರ ನೆನಪೂ ಉಳಿದಿದೆ. ಅಗ್ಗಕ್ಕೆ ಕೊಂಡು ಗೆದ್ದವರ ಹೆಸರುಗಳನ್ನು ಹೀಗೆ ಯಾರೂ ಕಾಪಿಟ್ಟುಕೊಂಡಿಲ್ಲ.

ಆದರೆ ಬೇಟೆಗಾರನ ಪರವಾದ ಮಾತನ್ನೂ ಪೂರ್ತಿಯಾಗಿ ಕೇಳಬೇಕು, ಅದು ದುರ್ಬಲವಾದುದಲ್ಲ. ಅವನು ಹೀಗೆನ್ನಬಹುದು: ಈ ತಿಳಿವಳಿಕೆ ನನಗೆ ಪುಕ್ಕಟೆಯಾಗಿ ಬರಲಿಲ್ಲ. ನಲವತ್ತು ವರ್ಷ ಕೈ ಸುಟ್ಟುಕೊಂಡು, ಕೆಟ್ಟ ಮಾಲಿಗೆ ದುಡ್ಡು ಸುರಿದು ಕಲಿತಿದ್ದೇನೆ. ನಾನು ಬೆಳಗಿನ ಚಳಿಯಲ್ಲಿ ಬಾರದಿದ್ದರೆ ಈ ಪೆಟ್ಟಿಗೆ ಸಂಜೆಗೆ ಕಸದ ಗಾಡಿಗೆ ಹೋಗುತ್ತಿತ್ತು. ಇದು ನಡೆಯುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ, ರಿಪೇರಿಯ ಖರ್ಚು ನನ್ನದು, ಕೈಕೊಟ್ಟರೆ ನಷ್ಟವೂ ನನ್ನದು. ಬೆಲೆ ಹೇಳಿದವರು ಅವರೇ, ಹೇಳಿದ್ದನ್ನು ಕೊಟ್ಟಿದ್ದೇನೆ. ತಿಳಿದವರೆಲ್ಲ ತಿಳಿದದ್ದನ್ನು ಮೊದಲೇ ಹೇಳಿಬಿಟ್ಟರೆ ಕಲಿಯುವ ಕಷ್ಟವನ್ನು ಯಾರು ತೆಗೆದುಕೊಳ್ಳುತ್ತಾರೆ?

ಇದರಲ್ಲಿ ಬಹುಪಾಲು ನಿಜ. ಆದ್ದರಿಂದ ಎಲ್ಲ ಮೌನವೂ ಪಾಪ ಎಂದು ನಾವು ಹೇಳುವುದಿಲ್ಲ. ವರ್ಷವರ್ಷವೂ ಬಂದು ಡಿಕ್ಕಿ ತೆರೆಯುವ ವ್ಯಾಪಾರಿಯ ಎದುರು ಬೇಟೆಗಾರ ಸುಮ್ಮನಿದ್ದರೆ ತಪ್ಪಿಲ್ಲ. ಇಬ್ಬರೂ ಆಟ ಬಲ್ಲವರು. ಇವತ್ತು ಸೋತವನು ನಾಳೆ ಗೆಲ್ಲುತ್ತಾನೆ. ಅವನ ಅಜ್ಞಾನ ಸೋಮಾರಿತನದ್ದಾಗಿರಬಹುದು, ಆತುರದ್ದಾಗಿರಬಹುದು, ಆದರೆ ಅದು ಅವನೇ ತೆಗೆದುಕೊಂಡ ಅಪಾಯ. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿನ ಅಜ್ಞಾನ ಆ ಜಾತಿಯದಲ್ಲ. ಅವಳು ಆಟಕ್ಕೆ ಬಂದವಳೇ ಅಲ್ಲ. ಸಾವು ಅವಳನ್ನು ಮೇಜಿನ ಹಿಂದೆ ತಂದು ಕೂರಿಸಿದೆ.

ಹಳೆಯ ಇಸ್ಲಾಮೀ ನ್ಯಾಯಶಾಸ್ತ್ರಜ್ಞರು ಇಂಥವರಿಗೆ ಒಂದು ಹೆಸರಿಟ್ಟಿದ್ದರು, ಮುಸ್ತರ್‌ಸಿಲ್. ಬೆಲೆ ತಿಳಿಯದೆ, ಚೌಕಾಸಿ ಬಾರದೆ, ಎದುರಿನವನನ್ನು ನಂಬಿ ಒಪ್ಪಿಸಿಬಿಡುವವರು ಎಂದು ಅದರ ಅರ್ಥ. ಇಂಥವರಿಗೆ ಬೆಲೆಯಲ್ಲಿ ಮಿತಿಮೀರಿ ನಷ್ಟವಾದರೆ ವ್ಯಾಪಾರ ಮುರಿಯುವ ಹಕ್ಕಿದೆ ಎಂದು ಅವರಲ್ಲಿ ಹಲವರು ತೀರ್ಪು ಕೊಟ್ಟಿದ್ದಾರೆ. ಆ ನಷ್ಟಕ್ಕೆ ಅರಬ್ಬಿಯಲ್ಲಿ 'ಗಬ್ನ್' ಎನ್ನುತ್ತಾರೆ. ಅದೇ ಪದ ಉರ್ದುವಿಗೆ ಬಂದು 'ಗಬನ್' ಆದಾಗ ಅರ್ಥ ಇನ್ನೂ ಕಟುವಾಯಿತು. ನಂಬಿ ಒಪ್ಪಿಸಿದ ಹಣವನ್ನು ನುಂಗಿಹಾಕುವುದಕ್ಕೆ ಈಗ ಗಬನ್ ಎನ್ನುತ್ತಾರೆ. 1931ರಲ್ಲಿ ಬಂದ ಪ್ರೇಮಚಂದರ ಕಾದಂಬರಿಯ ಹೆಸರೂ ಇದೇ. ಸಂತೆಯ ಪದವೊಂದು ಕಚೇರಿಯ ಕಳ್ಳತನದ ಪದವಾದುದು ಭಾಷೆಯ ಆಕಸ್ಮಿಕವಿರಬಹುದು. ಆದರೆ ಎರಡರಲ್ಲೂ ನಡೆಯುವುದು ಒಂದೇ, ಇನ್ನೊಬ್ಬರ ನಂಬಿಕೆಯನ್ನು ನಮ್ಮ ಲಾಭಕ್ಕೆ ತಿರುಗಿಸಿಕೊಳ್ಳುವುದು.

ಹಾಗಾದರೆ ಇವರು ಮುಸ್ತರ್‌ಸಿಲ್ ಎಂದು ಗುರುತಿಸುವುದು ಹೇಗೆ? ಅದೇನೂ ಕಷ್ಟವಲ್ಲ. 'ಇದು ಏನು, ನಿಮಗೆ ಗೊತ್ತಾ?' ಎಂದು ಅವರೇ ಕೇಳುತ್ತಾರೆ. ಕೇಳದಿದ್ದರೆ ಅವರ ಚೀಟಿಗಳು ಹೇಳುತ್ತವೆ. ಎಲ್ಲ ಪೆಟ್ಟಿಗೆಗೂ ಒಂದೇ ಬೆಲೆ ಬರೆದಿರುತ್ತದೆ. ಆ ಕ್ಷಣದಲ್ಲಿ ಗೊತ್ತಿದ್ದವನಿಗೆ ಒಂದು ಸಾಲ ಹುಟ್ಟುತ್ತದೆ ಎಂದು ನಮಗನ್ನಿಸುತ್ತದೆ. ಅದು ಪೂರ್ತಿ ಬೆಲೆ ಕೊಡುವ ಸಾಲವಲ್ಲ. ರಿಪೇರಿಯ ಖರ್ಚು, ಸಾಗಾಟ, ಅಪಾಯ ಎಲ್ಲ ಲೆಕ್ಕ ಹಾಕಿ ಚೌಕಾಸಿ ಮಾಡಲು ಅವನು ಸ್ವತಂತ್ರ. ಹೇಳುವುದು ಮಾತ್ರ ಸಾಲ. ಇದು ಇಂಥದ್ದು, ಸರಿಮಾಡಿದರೆ ಇಷ್ಟಕ್ಕೆ ಹೋಗುತ್ತದೆ, ನಾನು ಇಷ್ಟು ಕೊಡಬಲ್ಲೆ, ನಿಮಗೆ ಬೇಕಿದ್ದರೆ ಇನ್ನೊಬ್ಬರನ್ನು ಕೇಳಿ. ಇಷ್ಟು ಹೇಳಿದ ಮೇಲೂ ಎಷ್ಟೋ ಜನ ಅವನಿಗೇ ಕೊಟ್ಟಾರು. ಕಸದ ಗಾಡಿಯಿಂದ ಪೆಟ್ಟಿಗೆ ಆಗಲೂ ಉಳಿಯುತ್ತದೆ.

ಹೇಳುವುದಕ್ಕೆ ಇಷ್ಟು ಒತ್ತು ಏಕೆಂದರೆ ಇಲ್ಲಿ ಪಣಕ್ಕಿರುವುದು ಡಾಲರ್ ಮಾತ್ರ ಅಲ್ಲ. ಅಪ್ಪ ರಾತ್ರಿಯೆಲ್ಲ ನೆಲಮಾಳಿಗೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಏನು ಮಾಡುತ್ತಿದ್ದ ಎಂದು ಮಗಳಿಗೆ ಅರ್ಥವಾಗಿರಲಿಕ್ಕಿಲ್ಲ. ಅಮ್ಮನಿಗೆ ಅದು ಕಿರಿಕಿರಿಯಾಗಿತ್ತು, ಮಕ್ಕಳಿಗೆ ನಗೆಯಾಗಿತ್ತು. ಹತ್ತು ಡಾಲರ್ ಕೊಟ್ಟು ಸುಮ್ಮನೆ ಎತ್ತಿಕೊಂಡು ಹೋದವನು ಅಪ್ಪ ಹಳೆಯ ಕಬ್ಬಿಣ ಕೂಡಿಹಾಕಿದ್ದ ಎಂಬ ಅಭಿಪ್ರಾಯಕ್ಕೆ ಮೊಹರು ಒತ್ತಿ ಹೋಗುತ್ತಾನೆ. ಅದೇ ಮನುಷ್ಯ ಎರಡು ನಿಮಿಷ ನಿಂತು, ಈ ಸುರುಳಿಗಳು ಆ ರಿಸೀವರಿನವು, ಈ ಚೀಟಿಗಳ ಮೇಲಿನ ಅಕ್ಷರ ನಿಮ್ಮ ತಂದೆಯದೇ ಇರಬೇಕು, ಈ ಬೆಸುಗೆ ನೋಡಿ, ಕೈ ನಡುಗದ ಮನುಷ್ಯ ಮಾಡಿದ್ದು, ಈ ಡಬ್ಬದಲ್ಲಿರುವ ಕಾರ್ಡುಗಳು ಪರದೇಶದವರು ಅವರ ಜೊತೆ ಮಾತನಾಡಿದ್ದಕ್ಕೆ ಕಳಿಸಿದ ಗುರುತು ಎಂದು ಹೇಳಿದರೆ ಮಗಳಿಗೆ ದಕ್ಕುವುದು ಬೇರೆಯೇ. ಅವಳಿಗೆ ಗೊತ್ತಿರದಿದ್ದ ಅಪ್ಪ ಸಿಗುತ್ತಾನೆ. ಬೆಲೆ ಹೇಳದೆ ಈ ಮಾತನ್ನು ಹೇಳುವುದು ಸಾಧ್ಯವಿಲ್ಲ. ಹಾಗಾಗಿಯೇ ಬೇಟೆಗಾರ ಅದನ್ನೂ ನುಂಗಿಕೊಳ್ಳುತ್ತಾನೆ. ಬೆಲೆಯ ಜೊತೆ ಸತ್ತವನ ಬದುಕೂ ಮೌನದಲ್ಲಿ ಹೋಗುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನಾವು ಓಹಾಯೊಗೆ ಹೋಗಬೇಕಿಲ್ಲ. ಉರ್ದು ಓದಲು ಬಾರದ ಮೊಮ್ಮಕ್ಕಳು ಅಜ್ಜನ ಪುಸ್ತಕಗಳನ್ನು ಕಿಲೊ ಲೆಕ್ಕದಲ್ಲಿ ರದ್ದಿಗೆ ಹಾಕುವುದು ನಮ್ಮ ಊರುಗಳಲ್ಲಿ ಹೊಸದಲ್ಲ. ರದ್ದಿ ಅಂಗಡಿಯಲ್ಲಿ ಅದರ ಬೆಲೆ ಬಲ್ಲವನೊಬ್ಬ ಒಂದು ಅಪರೂಪದ ದೀವಾನನ್ನು ಎತ್ತಿಕೊಂಡು ಹೋದರೆ ಪುಸ್ತಕ ಉಳಿಯಿತೆಂದು ನಮಗೆ ಸಂತೋಷವೇ ಆಗುತ್ತದೆ. ಆದರೆ ಆ ಮನೆಯ ಹುಡುಗನಿಗೆ ತನ್ನ ಅಜ್ಜ ಏನು ಓದುತ್ತಿದ್ದ ಎಂಬುದು ಕೊನೆಗೂ ತಿಳಿಯುವುದಿಲ್ಲ.

ಹ್ಯಾಮ್‌ಗಳಲ್ಲೂ ಇದನ್ನು ಬಲ್ಲವರಿದ್ದಾರೆ. ಪಾಲ್ ಸೀಗಲ್ ಎಂಬ ಹವ್ಯಾಸಿ 1928ರಲ್ಲಿ ಬರೆದ ನಡತೆಯ ನಿಯಮಗಳಲ್ಲಿ ಇತರರ ಬಗ್ಗೆ ಪರಿಗಣನೆ ಮತ್ತು ಸ್ನೇಹ ಸೇರಿವೆ. ಸದಸ್ಯನೊಬ್ಬ ತೀರಿಕೊಂಡಾಗ ಹಲವು ಕ್ಲಬ್ಬಿನವರು ಆ ಮನೆಗೆ ಹೋಗಿ, ಸಲಕರಣೆಗಳನ್ನು ಪಟ್ಟಿ ಮಾಡಿ, ಸರಿಯಾದ ಬೆಲೆ ಗೊತ್ತುಪಡಿಸಿ, ಮಾರಿ, ಹಣವನ್ನು ಮನೆಯವರಿಗೆ ಮುಟ್ಟಿಸುತ್ತಾರೆ. ಬದುಕಿರುವಾಗಲೇ ಪ್ರತಿ ಪೆಟ್ಟಿಗೆಗೂ ಹೆಸರು, ಬೆಲೆ ಬರೆದ ಚೀಟಿ ಅಂಟಿಸಿಡಿ ಎಂದು ಹಿರಿಯರು ಹೇಳುತ್ತಿರುತ್ತಾರೆ. ಹೆಂಡತಿಗೆ ಹೇಳಿದ ಸುಳ್ಳನ್ನು ಸರಿಪಡಿಸಲು ಇದಕ್ಕಿಂತ ಸುಲಭದ ದಾರಿ ಇನ್ನಿಲ್ಲ.

ಇನ್ನು ಉಳಿಯುವುದು ಒಬ್ಬಂಟಿಯಾಗಿ ಮೇಜಿನ ಮುಂದೆ ನಿಂತ ಬೇಟೆಗಾರ. ಅವನಿಗೆ ಕಾನೂನಿನ ಭಯವಿಲ್ಲ, ನೋಡುವವರಿಲ್ಲ. ಅವನ ಹವ್ಯಾಸವೇ ಅವನಿಗೆ ಒಂದು ಪರೀಕ್ಷೆ ಒಡ್ಡುತ್ತದೆ ಎಂದು ನಮಗನ್ನಿಸುತ್ತದೆ. ಇಬ್ಬರು ಹ್ಯಾಮ್‌ಗಳು ಅಲೆಗಳಲ್ಲಿ ಭೇಟಿಯಾದಾಗ ಊರು, ಹೆಸರು ಆದ ಮೇಲೆ ಯಾವ ಸೆಟ್ಟಿನಿಂದ ಮಾತನಾಡುತ್ತಿದ್ದೇನೆ ಎಂದು ಹೇಳಿಕೊಳ್ಳುವುದು ಅವರ ಪದ್ಧತಿ. ಸಂತೆಯಿಂದ ತಂದದ್ದನ್ನು ಸರಿಮಾಡಿ ಅವನೂ ಒಂದು ರಾತ್ರಿ ಅಲೆಗಳಲ್ಲಿ ಹೇಳಿಕೊಳ್ಳುತ್ತಾನೆ. ಅದು ಗುಟ್ಟಿನ ಮಾತಲ್ಲ, ರಿಸೀವರ್ ಇರುವ ಯಾರಿಗಾದರೂ ಕೇಳಿಸುತ್ತದೆ. ಅದನ್ನು ಎಲ್ಲಿಂದ ತಂದೆ, ಎಷ್ಟು ಕೊಟ್ಟೆ, ಮಾರಿದವರಿಗೆ ಏನು ಹೇಳಿದೆ ಎಂಬುದನ್ನೂ, ಮಾರಿದ ಹೆಂಗಸು ಕೇಳುತ್ತಿದ್ದಾಳೆ ಎಂದೇ ತಿಳಿದು, ಅವನು ಹೇಳಬಲ್ಲನೇ? ಹೇಳಬಲ್ಲನಾದರೆ ಅವನ ವ್ಯಾಪಾರ ಸರಿಯಾಗಿದೆ.